ಫೋನಿನೊಳಗಿನ ಗಂಧ

ಅವರ ಬಲಗೈ ಕಿರುಬೆರಳಿನ ಉಗುರು ಮಾತ್ರ ಅರ್ಧ ಅಂಗುಲ ಉದ್ದವಿತ್ತು. ಯಲಹಂಕದ ಹಳೇ ಪೇಟೆಯಲ್ಲಿ ಮೊದಲು ರೇಡಿಯೋ, ಆಮೇಲೆ ಮೊಬೈಲ್ ರಿಪೇರಿ ಮಾಡುತ್ತಿದ್ದ ಅವರು ನಮಗೆಲ್ಲ ರೇಡಿಯೋ ಮೇಷ್ಟ್ರು. ಫೋನಿನ ಬೆನ್ನನ್ನು ಆ ಉಗುರಿನಿಂದಲೇ, ಬಟಾಣಿ ಸುಲಿದಂತೆ ಬಿಡಿಸುತ್ತಿದ್ದರು.

ಆ ಬೆಳಿಗ್ಗೆಯೂ ಮಕ್ಕಳ ಡಬ್ಬಿ ಕಟ್ಟಿ, ತುಳಸಿಗೆ ನೀರೆರೆದು, ಎಂದಿನಂತೆ ಹತ್ತು ಗಂಟೆಗೆ ತುಮಕೂರಿನ ಅಣ್ಣನ ಮನೆಯಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದೆ.

"ಬರೀ ಗುಂಯ್ ಅಂತಿದೆ ಕಣೇ. ನನ್ ಕಿವಿ ಪೂರ್ತಿ ಹೋಯ್ತು. ಇನ್ಮೇಲೆ ಮಾಡ್ಬೇಡ ಬಿಡು," ಎಂದು ಇಟ್ಟುಬಿಟ್ಟಳು.

ಹತ್ತು ದಿನದಿಂದ ಇದೇ ಗೋಳು. ಅವಳಿಗೆ ಮೊದಲೇ ಕಿವಿ ಸ್ವಲ್ಪ ಮಂದ. ನನಗೆ ಅವಳ ಮಾತು ಸ್ಪಷ್ಟವಾಗಿ ಕೇಳುತ್ತಿದ್ದುದರಿಂದ, ದೋಷ ಅವಳ ಕಿವಿಯದೇ ಎಂದುಕೊಂಡು ಕೂಗಿ ಕೂಗಿ ಮಾತಾಡುತ್ತಿದ್ದೆ. ದಿನದ ಆ ಒಂದು ಮಾತೂ ನಿಂತೀತೆಂದು ಹೆದರಿ, ಫೋನನ್ನೂ ಒಮ್ಮೆ ತೋರಿಸಿಬಿಡೋಣವೆಂದು ಮೇಷ್ಟ್ರ ಹತ್ತಿರ ಓಡಿದೆ.

"ಮೊದ್ಲು ಕೇಳೋಣ, ಆಮೇಲೆ ಬಿಚ್ಚೋಣ," ಎನ್ನುವುದು ಅವರ ಪದ್ಧತಿ. ನನ್ನ ಫೋನಿನಿಂದ ತಮ್ಮ ಫೋನಿಗೆ ಕರೆ ಮಾಡಿಸಿ, ಅದನ್ನು ಕಿವಿಗಿಟ್ಟುಕೊಂಡು, "ಆ ಹೂವಿನಂಗಡಿ ಹತ್ರ ನಿಂತು ಇವತ್ತಿನ ಸಾರಿನ ವಿಷ್ಯ ಹೇಳಿ," ಎಂದರು. ನಾನು ಹುರುಳಿಕಾಳು ಬೇಯಿಸುವುದರಿಂದ ಒಗ್ಗರಣೆಯವರೆಗೂ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ನಿಮ್ಮ ತಾಯಿ ಕಿವಿ ಚೆನ್ನಾಗಿದೆ ಕಣಮ್ಮ. ಗುಂಯ್ ಅಂತಿರೋದು ನಿಮ್ಮ ಫೋನು."

ನನಗೆ ಅಲ್ಲೇ ಕಣ್ಣು ತುಂಬಿತು. ಫೋನ್ ಬಿಚ್ಚಿ, ಒಳಗಿನ ಪುಟ್ಟ ಸ್ಪ್ರಿಂಗಿನಡಿ ಉಗುರು ತೂರಿಸಿ, ಒಣಗಿದ ಹಳದಿ ಪುಡಿ ಕೆರೆದರು. "ಇದೇನಮ್ಮ?"

ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ತಲೆ ತಗ್ಗಿಸಿದಂತೆ ನಿಂತೆ. "ಗಂಧ. ಆಯುಧಪೂಜೆಗೆ ಇಟ್ಟಿದ್ದೆ. ಹೊರಗಿಟ್ಟರೆ ಕೈಗಂಟುತ್ತೆ ಅಂತ ಒಳಗೆ..."

ಕನ್ನಡಕ ಜಾರುವಷ್ಟು ನಕ್ಕರು. "ಮಾತು ಕಳಿಸೋವಾಗ ಫೋನು ಒಳಗೇ ಗಲಾಟೆ ಮಾಡುತ್ತೆ. ಅದನ್ನ ತಡೆಯೋದು ಈ ತಗಡು. ಸ್ಪ್ರಿಂಗು ತಗಡಿಗೆ ತಾಕ್ಬೇಕು. ಮಧ್ಯೆ ನಿಮ್ಮ ಗಂಧ ಕೂತು, ಆ ಗಲಾಟೆಯೆಲ್ಲ ನಿಮ್ಮ ಮಾತಿನ ಜೊತೆ ಹೋಗ್ತಿದೆ."

ಸ್ಪಿರಿಟ್ಟಿನಲ್ಲಿ ಬ್ರಷ್ಷು ಅದ್ದಿ ಒರೆಸಿದರು. ಮುಚ್ಚಿದ ಮೇಲೆ ದೇವರ ಪಟದ ಕುಂಕುಮ ತೆಗೆದು ಫೋನಿನ ಹೊರಬೆನ್ನಿಗೆ ಇಟ್ಟರು. "ಪೂಜೆ ಇಲ್ಲಿಗೇ ಸಾಕು."

ಅಲ್ಲಿಂದಲೇ ಅಮ್ಮನಿಗೆ ಮಾಡಿದೆ. "ಯಾಕೇ ಕಿರುಚ್ತೀಯ? ಕೇಳಿಸ್ತಿದೆ," ಎಂದಳು.

ಮೇಷ್ಟ್ರು ಈಗಿಲ್ಲ. ಆಮೇಲೆ ವರ್ಷಗಟ್ಟಲೆ ಅಮ್ಮನೊಂದಿಗೆ ಆಡಿದ ಮಾತಿನಲ್ಲೆಲ್ಲ ಅವರ ಋಣವಿದೆ.

ಅಂದು ಸಂಜೆ ಮೆಟ್ಟಿಲ ಮೇಲೆ ಕೂತು ಅಮ್ಮನ ಜೊತೆ ಮತ್ತೆ ಅರ್ಧ ಗಂಟೆ ಮೆಲ್ಲಗೆ ಹರಟಿದೆ. ಪಕ್ಕದ ಮನೆಯಾಕೆ ಕಾಂಪೌಂಡಿನಾಚೆ ಕರಿಬೇವು ಕೀಳುತ್ತಾ ಹೇಳಿದರು:

"ಏನ್ರೀ, ಇವತ್ತು ಒಂದೂ ಕೇಳಿಸ್ಲಿಲ್ಲ. ಹತ್ತು ದಿನದಿಂದ ನೀವು ಅಮ್ಮಂಗೆ ಹೇಳೋ ಅಡುಗೇನೇ ನಾನೂ ಮಾಡ್ತಿದ್ದೆ. ಈಗ ರಾತ್ರಿಗೆ ಏನ್ ಮಾಡ್ಲಿ?"