ಎರಡನೇ ಶೆಡ್ಡಿಗೆ ಹಾಕಿದ ಹನಿ

ಮುಂಬಯಿ ಹತ್ತಿರದ ಕಳವಾ ಊರಿನ ಜಟ್ಟೆಪ್ಪ ಅಂದರೆ ಕೋಳಿ ಸಾಕುವವರಿಗೆಲ್ಲ ಗೊತ್ತು. ಬಿಜಾಪುರದ ಕಡೆಯವನು. ಕಲ್ಯಾಣದಾಚೆಯ ಶೆಡ್ಡುಗಳಲ್ಲಿ ಮರಿಗಳಿಗೆ ಲಸಿಕೆ ಹಾಕುವುದೇ ಅವನ ಕೆಲಸ. ಓದಿದ್ದು ನಾಲ್ಕನೇ ಇಯತ್ತೆ. ಆದರೆ ಆ ಕೈ ನೋಡಬೇಕಿತ್ತು! ಮರಿಯನ್ನೆತ್ತಿ, ಕಣ್ಣಿಗೆ ಒಂದೇ ಹನಿ ಬಿಟ್ಟು, ಅದು ಕಣ್ಣು ಮಿಟುಕಿಸುವ ತನಕ ಹಿಡಿದಿಟ್ಟು ಆಮೇಲೆ ಕೆಳಗೆ ಬಿಡುವುದು. ಲಸಿಕೆಯಲ್ಲಿ ನೀಲಿ ಬಣ್ಣ ಬೆರೆಸಿರುತ್ತಾರೆ. ಹನಿ ಸರಿಯಾಗಿ ಒಳಗಿಳಿದರೆ ಮರಿಯ ನಾಲಿಗೆ ನೀಲಿಯಾಗುತ್ತದೆ. ನೂರಕ್ಕೆ ಒಂದೆರಡು ನಾಲಿಗೆ ನೋಡಿದರೆ ಸಾಕು ಅನ್ನುವುದು ರೂಢಿ, ಇವನು ಹತ್ತಕ್ಕೊಂದು ಬಾಯಿ ಬಿಡಿಸಿ ನೋಡುವವನು. ಮಾಲೀಕರು ಗಡಿಬಿಡಿ ಮಾಡಿದರೆ "ಹಂಗಾದ್ರ ನೀವ ಹಾಕ್ಕೋರಿ" ಎಂದು ಬಾಟಲಿ ಕೆಳಗಿಡುತ್ತಿದ್ದ. ಕೊಬ್ಬು ಅನ್ನಿ, ಆದರೆ ಆ ಕೊಬ್ಬಿಗೆ ತಕ್ಕ ಕೆಲಸವೂ ಇತ್ತು.

ಈ ವಿದ್ಯೆ ಕಲಿಸಿದವರು ಡಾಕ್ಟರ್ ಹಯಗ್ರೀವ. ಮೈಸೂರಿನವರು, ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಲಸಿಕೆ ಕಂಪನಿಯಲ್ಲಿದ್ದರು. ಸಾರ್ಸ್ ಜ್ವರ ದೇಶದೇಶ ಸುತ್ತಿದ ಮರುವರ್ಷ ಅವರು ಹೇಳಿದ್ದರು, "ಅದೂ ಕೊರೊನಾ ವೈರಸ್ಸೇ ಜಟ್ಟೆಪ್ಪ. ನಿನ್ನ ಕೋಳಿಗಳ ಕೆಮ್ಮಿನ ರೋಗದ ಕುಲದ್ದೇ. ಮನುಷ್ಯರಿಗೆ ಅದಕ್ಕೆ ಲಸಿಕೆ ಇಲ್ಲ. ಕೋಳಿಗಿದೆ, ನಿನ್ನ ಕೈಯಲ್ಲಿದೆ." ಆ ಮಾತನ್ನು ಜಟ್ಟೆಪ್ಪ ಲೋಕಲ್ ಟ್ರೇನಿನಲ್ಲಿ ಪಕ್ಕದಲ್ಲಿ ನಿಂತವರಿಗೆಲ್ಲ ಹೇಳಿ ತಲೆ ತಿಂದಿದ್ದ.

ಅದೇ ವರ್ಷ ಡಾಕ್ಟರು ಆ ಕೆಮ್ಮಿನ ರೋಗದ ಹೊಸ ಲಸಿಕೆಯ ಟೆಸ್ಟಿಂಗಿಗೆ ಶೆಡ್ಡು ಹುಡುಕುತ್ತಿದ್ದರು. ಜಟ್ಟೆಪ್ಪ ಅನಸೂಯಕ್ಕನ ಹೆಸರು ಹೇಳಿದ. ಉಡುಪಿ ಕಡೆಯವಳು. ಗಂಡನಿಗೆ ಡೊಂಬಿವಲಿಯಲ್ಲಿ ಶುದ್ಧ ಶಾಕಾಹಾರಿ ಹೋಟೆಲು. ಅದರ ಬೋರ್ಡಿಗೆ ಹೆದರಿ ಅಕ್ಕ ತನ್ನ ಮೊಟ್ಟೆ ಶೆಡ್ಡುಗಳಿಗೆ ಹೆಸರೇ ಇಟ್ಟಿರಲಿಲ್ಲ! ಅಕ್ಕನಿಗೆ ಟೆಸ್ಟಿಂಗ್ ಅಂದರೆ ಅನುಮಾನ. ಇಂಗ್ಲಿಷಿನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ಎಂತ ಬರ್ದಿದ್ದಾರೋ ಯಾರಿಗೆ ಗೊತ್ತು ಮಾರಾಯ? ನೀನು ಹೇಳು, ಹಾಕ್ಸಬಹುದಾ?" ಎಂದು ಕೇಳಿದಳು.

"ನನ್ನ ಕೈಯಾರೆ ಹಾಕ್ತೀನ್ರೀ ಅಕ್ಕಾರ. ಗ್ಯಾರಂಟಿ ನಂದು."

ಅಕ್ಕ ಸಹಿ ಮಾಡಿದಳು. ಒಂದನೇ ಶೆಡ್ಡಿಗೆ ಒಂದನೇ ನಂಬರಿನ ಬಾಟಲಿ, ಎರಡನೆಯದಕ್ಕೆ ಎರಡನೇ ನಂಬರು. ಎರಡೂ ನೀಲಿ. ಜಟ್ಟೆಪ್ಪ ಸೊಂಟ ಬಗ್ಗಿಸಿ ಎರಡು ದಿನ ಹನಿ ಹಾಕಿದ, ಎರಡು ವಾರ ಬಿಟ್ಟು ಮತ್ತೆ ಹಾಕಿದ. ನಾಲಿಗೆಗಳೆಲ್ಲ ನೀಲಿ.

ಮುಂದೆ ಎರಡನೇ ಶೆಡ್ಡಿನ ಮರಿಗಳು ಒಂದಷ್ಟು ದಿನ ಕೆಮ್ಮಿದವು, ಸೀನಿದವು, ಸುಧಾರಿಸಿಕೊಂಡವು. ಐದನೇ ತಿಂಗಳಿಗೆ ಕೆಂಪು ಜುಟ್ಟು ಬಿಟ್ಟು ದಷ್ಟಪುಷ್ಟವಾದವು. ಗೂಡಿಗೆ ಹೋಗಿ ಕೂರುತ್ತಿದ್ದವು, ಎದ್ದು ಬರುತ್ತಿದ್ದವು. ಕೆಳಗೆ ಮೊಟ್ಟೆಯೇ ಇಲ್ಲ. ಮರಿಯಾಗಿದ್ದಾಗ ಆ ರೋಗ ತಗುಲಿದರೆ ಮೊಟ್ಟೆಯ ದಾರಿಯೇ ಕೆಟ್ಟುಹೋಗುತ್ತದೆ, ಜನ್ಮಪೂರ್ತಿ ಇಡುವುದಿಲ್ಲ.

"ಎರಡನೇ ಶೆಡ್ಡಿಗೆ ಬರುವಾಗ ನಿನ್ನ ಕೈ ಸೋತಿತ್ತಾ? ಸತ್ಯ ಹೇಳು," ಎಂದಳು ಅನಸೂಯಕ್ಕ.

ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. "ಒಂದ ಮರಿ ಬಿಟ್ಟಿದ್ರೂ ನನ್ನ ಕೈ ಬಿದ್ದು ಹೋಗ್ಲಿ. ಡಾಕ್ಟರನ್ನ ಕೇಳ್ಕೊಂಡು ಬರ್ತೀನಿ, ನಿಲ್ರಿ," ಎಂದವನೇ ಡೊಂಬಿವಲಿಗೆ ಹೊರಟ.

ಡಾಕ್ಟರು ಖುಷಿಯಲ್ಲಿದ್ದರು. "ಬಾ ಬಾ! ರಿಸಲ್ಟ್ ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ? ಒಂದನೇ ಶೆಡ್ಡಲ್ಲಿ ರೋಗ ಇಲ್ಲವೇ ಇಲ್ಲ."

"ಎರಡನೇದು, ಸರ್?"

"ಅದು ಬರೀ ಬಣ್ಣದ ನೀರು ಕಣಯ್ಯಾ. ಲಸಿಕೆ ಕೆಲಸ ಮಾಡ್ತು ಅಂತ ಗೊತ್ತಾಗೋಕೆ ಒಂದು ಗುಂಪನ್ನ ಹಾಗೇ ಬಿಡಬೇಕಲ್ವಾ? ಹಾಕೋನಿಗೂ ಅದು ಗೊತ್ತಿರಬಾರದು. ಗೊತ್ತಿದ್ರೆ ಕೈ ಒಂದೇ ಥರ ಓಡಲ್ಲ."

ಜಟ್ಟೆಪ್ಪ ಕುರ್ಚಿಯ ಬೆನ್ನು ಹಿಡಿದು ನಿಂತ. ಎರಡು ಸಾವಿರ ಮರಿ. ಒಂದೊಂದನ್ನೂ ಎತ್ತಿ, ಕಣ್ಣು ಮಿಟುಕಿಸುವ ತನಕ ಕಾದು, ನೀರು ಹಾಕಿದ್ದ. ಅಯ್ಯೋ ನನ್ನ ಹಣೆಬರವೇ, ಅಂದುಕೊಂಡ. ಹತ್ತು ವರ್ಷ ದೇವರಂತೆ ನಂಬಿದ ಮನುಷ್ಯ ಎದುರಿಗೇ ನಗುತ್ತಾ ಕೂತಿದ್ದರು.

"ನನಗ ಹೇಳೂದು ಬ್ಯಾಡ. ಅಕ್ಕಾರಿಗಾದ್ರೂ ಹೇಳಬೇಕಿತ್ತಿಲ್ರಿ?"

"ಕಾಗದದಲ್ಲಿದೆ. ಸಹಿ ಮಾಡಿದ್ದಾರಲ್ಲ."

"ನನ್ನ ಮಾತು ಕೇಳಿ ಮಾಡ್ಯಾರ್ರೀ! ಒಂದ ಸಲ ನೀವ ಬಂದು ಹೇಳ್ರಿ, ತಪ್ಪು ಜಟ್ಟೆಪ್ಪಂದಲ್ಲ ಅಂತ."

"ನಾನ್ಯಾಕೆ ಬರಲಿ? ತಪ್ಪು ಯಾರದೂ ಅಲ್ವಲ್ಲ," ಎಂದು ಡಾಕ್ಟರು ಕನ್ನಡಕ ಒರೆಸಿಕೊಂಡರು. "ನೀನಾಗಿದ್ದಕ್ಕೇ ಈ ಕೆಲಸ ಕೊಟ್ಟೆ. ಬೇರೆಯವನಾಗಿದ್ರೆ ಅರ್ಧ ಮರಿ ಬಿಟ್ಟಿರ್ತಿದ್ದ."

ಹೊಗಳಿದ್ದು ಅದು! ಜಟ್ಟೆಪ್ಪನಿಗೆ ಮೈ ಉರಿದುಹೋಯಿತು. ಹೊರಗೆ ಬಂದ. ಮರುದಿನ ಒಬ್ಬನೇ ಅನಸೂಯಕ್ಕನ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದ. ಬೈಯಲಿ, ಹೊಡೆಯಲಿ, ತನ್ನ ಕೈ ತಪ್ಪಿಲ್ಲ ಅನ್ನುವುದೊಂದನ್ನು ಒಪ್ಪಿದರೆ ಸಾಕಾಗಿತ್ತು ಅವನಿಗೆ.

ಅಕ್ಕ ಬೈಯಲಿಲ್ಲ. "ನೀರು ಅಂತ ನಿಂಗೆ ಗೊತ್ತೇ ಇರ್ಲಿಲ್ವಾ?" ಎಂದಳು.

"ದೇವರಾಣೆ ಗೊತ್ತಿರ್ಲಿಲ್ರಿ ಅಕ್ಕಾರ."

"ನೀನು ಕೆಲಸದಲ್ಲಿ ಕಳ್ಳತನ ಮಾಡಿದ್ದಿದ್ರೆ ಬೈದು ಮತ್ತೆ ಕರೀತಿದ್ದೆ ಮಾರಾಯ. ಹಾಕುವವನಿಗೇ ಎಂತ ಹಾಕ್ತಿದ್ದೇನೆ ಅಂತ ಗೊತ್ತಿಲ್ಲದಿದ್ರೆ, ನಾನು ಇನ್ನು ಯಾರ ಹತ್ರ ಕೇಳುದು?"

ಆಮೇಲೆ ಬೇರೆ ಶೆಡ್ಡಿನವರು ಎಷ್ಟು ಕರೆದರೂ ಜಟ್ಟೆಪ್ಪ ಹನಿ ಹಾಕಲು ಹೋಗಲಿಲ್ಲ.