ಮಾವನ ಎರಡನೆಯ ಸಹಿ

ಬೆಳಿಗ್ಗೆ ಏಳಕ್ಕೆ ರಾಯಚೂರು ಬಿಟ್ಟೆ. ನನ್ನದು ಪುಕ್ಕಟೆ ಪ್ರಯಾಣದ ಶೂನ್ಯ ಟಿಕೆಟ್ಟು. ಬಸ್ಸಿನ ತುಂಬ ಹೆಂಗಸರು. ಮಸರಕಲ್ ದಾಟುವಷ್ಟರಲ್ಲೇ ಕಿಟಕಿಯ ಕಂಬಿ ಕಾದಿತ್ತು. ಬ್ಯಾಂಕಿನವರು ಕಳಿಸಿದ ಸಂದೇಶವನ್ನು ಮೂರು ಸಲ ತೆಗೆದು ಓದಿದೆ: ‘ಮಧ್ಯಾಹ್ನ ಮೂರು ಗಂಟೆಯೊಳಗೆ ಬನ್ನಿ. ಖಾತೆದಾರರು ಖುದ್ದಾಗಿ ಬರಬೇಕು.’

ದೇವದುರ್ಗದಲ್ಲಿ ಸೋದರಮಾವ ಶರಣಪ್ಪ ಇಸ್ತ್ರಿ ಅಂಗಿ ತೊಟ್ಟು ಅಂಗಳದಲ್ಲೇ ಕಾಯುತ್ತಿದ್ದರು. ತಮ್ಮ ಅಕ್ಕಿ ಗಿರಣಿಗೆ ಯಂತ್ರ ನೋಡಲು ಇಪ್ಪತ್ತೈದು ವರ್ಷಗಳ ಹಿಂದೆ ಬ್ಯಾಂಕಾಕ್‌ಗೆ ಹೋದಾಗ ಅವರು ನಗದಿನ ಬದಲು ಟ್ರಾವೆಲರ್ಸ್ ಚೆಕ್ ಒಯ್ದಿದ್ದರು. ಕೊಳ್ಳುವಾಗ ಒಂದು ಸಹಿ, ಖರ್ಚು ಮಾಡುವಾಗ ಅದನ್ನೇ ಹೋಲುವ ಇನ್ನೊಂದು. ಎರಡನೆಯದು ಇಲ್ಲದಿದ್ದರೆ ಕದ್ದವನಿಗೂ ಅದು ಬರೀ ಕಾಗದ. ಉಳಿದಿದ್ದ ನೂರು ಡಾಲರಿನ ಒಂದು ಚೆಕ್ಕು ಈ ಬೇಸಿಗೆಯಲ್ಲಿ ಟ್ರಂಕಿನೊಳಗೆ ಸಿಕ್ಕಿತ್ತು. ಹಳೆಯ ಚೆಕ್ಕಿಗೆ ಅವಧಿ ಮುಗಿಯುವುದಿಲ್ಲವಂತೆ. ಆದರೂ ರಾಯಚೂರಿನ ಎರಡು ಬ್ಯಾಂಕುಗಳು ಬೇಡವೆಂದಿದ್ದವು. ಮಾವನ ಹಳೆಯ ಖಾತೆಯಿದ್ದ ಮಾನ್ವಿಯ ಶಾಖೆಯೊಂದೇ ಒಪ್ಪಿತ್ತು.

ತೊಡಕೆಂದರೆ, ಹೋದ ವರ್ಷ ಲಕ್ವಾ ಹೊಡೆದು ಮಾವನ ಬಲಗೈ ಅರ್ಧ ನಿಂತುಹೋಗಿತ್ತು. ಗಿರಣಿಯ ಎಲ್ಲ ಕಾಗದಕ್ಕೂ ಈಗ ಮಗ ಬಸವರಾಜನ ಸಹಿ; ಮಾವನಿಗೆ ಯಾರೂ ತೋರಿಸುತ್ತಲೂ ಇರಲಿಲ್ಲ.

“ಆಗದಿದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಮಾ,” ಎಂದೆ.

“ಇದಕ್ಕ ನನ್ನ ಸಹಿನೇ ಬೇಕು ಗಿರಿಜಾ. ಬಸ್ಯಾಂದು ನಡ್ಯಂಗಿಲ್ಲ. ನಡಿ.”

ಹನ್ನೆರಡರ ಮಾನ್ವಿ ಬಸ್ಸು ಒಂದು ತಾಸು ತಡವಾಯಿತು. ನಿಲ್ದಾಣದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತೆಗೆದುಕೊಂಡೆವು. ದಾರಿಯುದ್ದಕ್ಕೂ ಅವರು ಎಡಗೈ ಬೆರಳಿನಿಂದ ಮೊಣಕಾಲ ಮೇಲೆ ಹೆಸರು ಬರೆಯುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ.

ಬ್ಯಾಂಕಿನೊಳಗೆ ಕಾಲಿಟ್ಟಾಗ ಎರಡೂವರೆ. ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಳೆಯ ಪಾಸ್‌ಪೋರ್ಟು ನೋಡಿ ಚೆಕ್ಕನ್ನು ಮಾವನ ಮುಂದೆ ಸರಿಸಿದಳು. ಎಡಗೈಯಲ್ಲಿ ಹಾಕಿದ ಸಹಿ ಗೆರೆಗೊಂದು ದಿಕ್ಕಾಯಿತು.

“ಹೊಂದಂಗಿಲ್ಲ ಯಜಮಾನ್ರ. ಚೆಕ್ಕಿನ ಹಿಂದ ಇನ್ನೊಮ್ಮಿ ಮಾಡಾಕ ಅವಕಾಶ ಅದ. ಅದೂ ಹೊಂದದಿದ್ರ ನಾ ಕಳಸಾಕ ಬರಂಗಿಲ್ರಿ.”

ಮಾವ ಪೆನ್ನನ್ನು ಬಲಗೈ ಬೆರಳುಗಳ ನಡುವೆ ಸಿಕ್ಕಿಸಿದರು. ನಾನು ಹಿಡಿಯಲು ಹೋದೆ.

“ಬಿಡು. ನೀ ಮುಟ್ಟಿದ್ರ ಅದು ನಿನ್ನ ಸಹಿ ಆಗ್ತದ.”

ಎಡಗೈಯಿಂದ ಬಲ ಮಣಿಕಟ್ಟು ಹಿಡಿದು ಒಂದೊಂದೇ ಅಕ್ಷರ ದೂಡಿದರು. ಹಣೆಯ ಬೆವರು ಮೇಜಿಗೆ ಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಅಕ್ಷರಗಳು ನಡುಗಿದ್ದವು, ಆದರೆ ಕೊನೆಯ ‘ಪ್ಪ’ದ ಬಾಲ ಹಳೆಯದರಂತೆಯೇ ಕೆಳಗಿಳಿದು ಎಡಕ್ಕೆ ಸುತ್ತಿತ್ತು. ಆಕೆ ಎರಡನ್ನೂ ಬಹಳ ಹೊತ್ತು ನೋಡಿ ಮುದ್ರೆ ಒತ್ತಿದಳು.

“ಕಳಸ್ತೀನ್ರಿ. ಒಪ್ಪೂದು ಬಿಡೂದು ಚೆಕ್ ಕೊಟ್ಟ ಕಂಪನಿ ಕೈಯಾಗ ಅದ.”

ಎರಡು ತಿಂಗಳಿಗೆ ಕಂಪನಿ ಒಪ್ಪಿತು. ಆ ದಿನ ಮಾತ್ರ ನಮಗೆ ಅದು ಗೊತ್ತಿರಲಿಲ್ಲ.

ಸಂಜೆ ದೇವದುರ್ಗ ನಿಲ್ದಾಣದಲ್ಲಿ ಬಸವರಾಜ ಬೈಕು ಚಾಲೂ ಇಟ್ಟುಕೊಂಡೇ ನಿಂತಿದ್ದ. “ಏನಾತಪ್ಪಾ? ಹತ್ರಿ ಲಗೂನ.”

ಮಾವ ಹತ್ತಲಿಲ್ಲ. “ನಾಳಿಂದ ಗಿರಣಿ ಕಾಗದ ಮೊದಲ ನನ್ನ ಮುಂದ ತಂದಿಡು. ಓದ್ತೀನಿ. ಆಮ್ಯಾಲ ನೀ ಸಹಿ ಹಾಕು.”

ರಾಯಚೂರಿನ ಬಸ್ಸು ಹೊರಟಿತ್ತು. ಓಡಿ ಹತ್ತಿ ಹಿಂದಿನ ಕಿಟಕಿಯಿಂದ ನೋಡಿದೆ. ಬಸವರಾಜ ಬೈಕು ಬಂದ್ ಮಾಡಿ, ಕೆಳಗಿಳಿದು, ಅಪ್ಪ ಹೇಳುವುದನ್ನು ನಿಂತು ಕೇಳುತ್ತಿದ್ದ.