ನರ್ಸಮ್ಮನ ಫೈಲು

ಕಳೆದ ವಾರ ಮೂಡುಬಿದಿರೆಯ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆಗೆಂದು ಅಂಗಿಯ ತೋಳು ಮಡಚಿ ಕೂತಿದ್ದೆ. ಅಲ್ಲಿಯ ಹುಡುಗಿ ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಮೊಣಕೈಯ ಒಳಬದಿಗೆ ಒರೆಸಿದಳು. ಆ ವಾಸನೆಗೆ ನಿಮಗಾದರೆ ಸೂಜಿಯ ಭಯ ನೆನಪಾಗುತ್ತಿತ್ತೋ ಏನೋ. ನನಗೆ ಕಣ್ಣ ಮುಂದೆ ಬಂದದ್ದು ಮೆಲ್ಕಾರಿನ ಮಹಡಿಯ ಮೇಲಿನ ಒಂದು ಪುಟ್ಟ ಅಂಗಡಿ. ಅಲ್ಲಿನ ಮೇಜಿನ ಮೇಲೆ ಬೆನ್ನಿನ ಮುಚ್ಚಳ ಬಿಚ್ಚಿಸಿಕೊಂಡು ಕವುಚಿ ಮಲಗಿದ್ದ ನನ್ನ ಹಳೆಯ ಲ್ಯಾಪ್‌ಟಾಪು. “ನೋವಾಯ್ತಾ ಸರ್?” ಎಂದು ಹುಡುಗಿ ಕೇಳಿದಾಗ ನಾನು ನಗುತ್ತಿದ್ದೆನಂತೆ. ಅವಳು ಅದನ್ನು ಒಳಗಿದ್ದ ಡಾಕ್ಟರಿಗೂ ಹೇಳಿದಳು.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಲ್ಯಾಪ್‌ಟಾಪು ಕೊಂಡದ್ದು ಅಂಕಪಟ್ಟಿ ಮಾಡಲಿಕ್ಕೆ. ಅದರಲ್ಲಿ ಒಂದು ಪುಸ್ತಕದಷ್ಟು ಬರೆಯುವ ಹಾಗಾದದ್ದು ಅಮ್ಮನಿಂದ. ಅಮ್ಮ ಮೂವತ್ತು ವರ್ಷ ಬೆಳ್ತಂಗಡಿ ತಾಲೂಕಿನ ಹಳ್ಳಿಗಳಲ್ಲಿ ಸರಕಾರಿ ನರ್ಸ್ ಆಗಿದ್ದಳು. ಚಾರ್ಮಾಡಿ ಘಾಟಿಯ ಬುಡದಿಂದ ಹಿಡಿದು ಧರ್ಮಸ್ಥಳದ ಆಚೆಯ ಕಾಡಂಚಿನವರೆಗೆ ನಡೆದುಕೊಂಡೇ ಹೋಗಿ ಹೆರಿಗೆ ಮಾಡಿಸಿದವಳು. ಊರಿನವರಿಗೆಲ್ಲ ಅವಳು ‘ನರ್ಸಮ್ಮ’. ಅವಳ ನಿಜವಾದ ಹೆಸರು ಸಂಬಳದ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ನಿವೃತ್ತಿಯಾಗಿ ನಮ್ಮ ಜೊತೆ ಮೂಡುಬಿದಿರೆಯಲ್ಲಿದ್ದಾಗ, ಒಂದು ಬೇಸಿಗೆ ರಜೆಯ ಮಧ್ಯಾಹ್ನ, ನನ್ನ ಹಿಂದೆ ನಿಂತು ಕೇಳಿದಳು: “ಅದರಲ್ಲಿ ಅಂಕ ಮಾತ್ರ ಬರೆಯುವುದಾ? ಕಥೆ ಬರೀಲಿಕ್ಕೆ ಆಗುವುದಿಲ್ವಾ?”

“ಆಗ್ತದೆ.”

“ಹಾಗಾದ್ರೆ ನಾನು ಹೇಳ್ತೇನೆ. ನೀನು ಬರೆ.”

ಅವಳು ಹೇಳುತ್ತಿದ್ದದ್ದು ತುಳುವಿನಲ್ಲಿ, ನಾನು ಬರೆಯುತ್ತಿದ್ದದ್ದು ಕನ್ನಡದಲ್ಲಿ, ಅದೂ ಎರಡೇ ಬೆರಳಲ್ಲಿ. ಕಷ್ಟ ಬೆರಳಿನದ್ದಲ್ಲ. ನಲವತ್ತು ದಾಟಿದ ಗಂಡಸು ತಾಯಿಯ ಬಾಯಿಂದ ಹೆರಿಗೆಯ ವಿವರ ಕೇಳಿ ಬರೆಯುವುದಿದೆಯಲ್ಲ, ಆ ಸಂಕೋಚ. ಮೊದಲ ದಿನ ಅವಳು ಹೇಳಿದ್ದನ್ನೆಲ್ಲ ನುಂಗಿಕೊಂಡು ‘ಶುಭ ಮುಹೂರ್ತದಲ್ಲಿ ಶಿಶುವಿನ ಜನನವಾಯಿತು’ ಎಂದು ಬರೆದು ಓದಿ ಹೇಳಿದೆ.

ಅಮ್ಮ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿದಳು. “ಶುಭ ಮುಹೂರ್ತ ಎಲ್ಲಿಂದ ಬಂತು ಮಾರಾಯ? ಆ ಹೆಂಗಸು ಎರಡು ದಿನ ಬೊಬ್ಬೆ ಹೊಡೆದಿದ್ದಾಳೆ. ನನ್ನ ಕೈ ಕಚ್ಚಿದ್ದಾಳೆ. ಅದನ್ನು ಬರೆ.”

ಬರೆದೆ. ಎರಡು ವರ್ಷದ ರಜೆಗಳಲ್ಲಿ, ಶನಿವಾರದ ಮಧ್ಯಾಹ್ನಗಳಲ್ಲಿ ಬರೆದೆ. ಯಾವ ಮನೆಯಲ್ಲಿ ಬಿಸಿನೀರು ಕಾಯಿಸಲು ಸೌದೆ ಇರಲಿಲ್ಲ, ಯಾವ ಅತ್ತೆ ಸೊಸೆಯ ಕಾಲು ಹಿಡಿದುಕೊಂಡು ಅತ್ತಳು, ಯಾವ ಗಂಡ ಮೂರನೆಯದೂ ಹೆಣ್ಣೆಂದು ಕೇಳಿ ತೋಟದ ಕಡೆ ಹೋದವನು ಸಂಜೆಗೆ ತಿರುಗಿ ಬಂದು ಬಾಗಿಲಲ್ಲಿ ನಿಂತು ‘ಮಗುವಿಗೆ ಯಾರ ಹಾಗೆ ಮೂಗು?’ ಎಂದು ಕೇಳಿದ, ಎಲ್ಲ ಬಂತು. ನನ್ನ ಸಂಕೋಚವೂ ಎಲ್ಲೋ ದಾರಿಯಲ್ಲಿ ಬಿದ್ದುಹೋಯಿತು. ಫೈಲಿಗೆ ‘ನರ್ಸಮ್ಮ’ ಎಂದೇ ಹೆಸರಿಟ್ಟೆ.

ಆಮೇಲೆ ಅಮ್ಮನಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ಹೋಯಿತು. ಕೇಳಿದ್ದು ಅರ್ಥವಾಗುತ್ತಿತ್ತು, ಹೇಳಬೇಕಾದದ್ದು ಗಂಟಲಿನಲ್ಲಿ ಮುದ್ದೆಯಾಗಿ ಉಳಿಯುತ್ತಿತ್ತು. “ಅವರ ಹತ್ತಿರ ಮಾತಾಡ್ತಾ ಇರಿ” ಎಂದರು ಡಾಕ್ಟರು. ಏನು ಮಾತಾಡುವುದು? ಅವಳದೇ ಮಾತನ್ನು ಅವಳಿಗೇ ಓದಿ ಹೇಳತೊಡಗಿದೆ. ದಿನಾ ಸಂಜೆ ಶಾಲೆಯಿಂದ ಬಂದು ಕಾಫಿ ಕುಡಿದು ಅವಳ ಮಂಚದ ಹತ್ತಿರ ಕೂತು ಫೈಲು ತೆರೆಯುತ್ತಿದ್ದೆ. ನಗುವಲ್ಲಿ ನಗುತ್ತಿದ್ದಳು. ಒಂದು ಮಗು ಉಳಿಯದೇ ಹೋದ ಕಡೆ ಬಂದಾಗ ಎಡಗೈ ಎತ್ತಿ ‘ಮುಂದೆ ಹೋಗು’ ಎನ್ನುವ ಹಾಗೆ ಬೀಸುತ್ತಿದ್ದಳು.

ಮಳೆಗಾಲದ ಒಂದು ಸಂಜೆ ಲ್ಯಾಪ್‌ಟಾಪಿನ ಗುಂಡಿ ಒತ್ತಿದರೆ ಪರದೆ ಪೂರ್ತಿ ನೀಲಿಯಾಯಿತು. ನೀಲಿಯ ನಡುವೆ ಅಳುಮೋರೆಯ ಒಂದು ಗುರುತು, ಅದರ ಕೆಳಗೆ ಏನೋ ತೊಂದರೆಯಾಗಿದೆ, ಪುನಃ ಶುರು ಮಾಡುತ್ತೇನೆ ಎಂಬರ್ಥದ ಇಂಗ್ಲಿಷು. ಹೇಳಿದ ಹಾಗೆಯೇ ಆರಿತು, ಹೊತ್ತಿತು, ಮತ್ತೆ ನೀಲಿ. ನಾನು ಇಂಥ ವಿಷಯದಲ್ಲಿ ಯಂತ್ರಕ್ಕಿಂತ ಹಟಮಾರಿ. ಹತ್ತು ಸಲ ಆರಿಸಿದೆ, ಹತ್ತು ಸಲ ಹೊತ್ತಿಸಿದೆ. ಬ್ಯಾಟರಿ ತೆಗೆದು ಹಾಕಿದೆ. ತೇವಾಂಶ ಇರಬಹುದೆಂದು ಬಚ್ಚಲೊಲೆಯ ಹತ್ತಿರ ತಂದಿಟ್ಟೆ. “ಅದೇನು ಹಪ್ಪಳವಾ?” ಎಂದು ಹೆಂಡತಿ ಎತ್ತಿಕೊಂಡು ಹೋದಳು.

ಅಮ್ಮ ಕಾಯುತ್ತಿದ್ದಳು. ಲ್ಯಾಪ್‌ಟಾಪು ಹಾಳಾಗಿದೆ ಎಂದು ಹೇಳುವ ಧೈರ್ಯ ಬರಲಿಲ್ಲ. ನೆನಪಿನಿಂದಲೇ ಒಂದು ಪ್ರಸಂಗ ಹೇಳತೊಡಗಿದೆ. ಎರಡು ವಾಕ್ಯ ಆಗುವಷ್ಟರಲ್ಲಿ ಅವಳು ತಲೆ ಅಲ್ಲಾಡಿಸಿದಳು. ತಪ್ಪು. ಮತ್ತೊಂದು ರೀತಿ ಹೇಳಿದೆ. ಅದೂ ತಪ್ಪು. ಎರಡು ವರ್ಷ ಎದುರು ಕೂತು ಬರೆದವನಿಗೆ ಒಂದು ಮನೆಯ ಕಥೆಯೂ ಸರಿಯಾಗಿ ನೆನಪಿರಲಿಲ್ಲ. ಅವಳು ಗೋಡೆಯ ಕಡೆ ಹೊರಳಿದಳು.

ಮರುದಿನ ಪೇಟೆಯ ಒಂದು ಅಂಗಡಿಗೆ ಹೋದೆ. ಅವರು ನೋಡಿದ್ದೇ, “ಫಾರ್ಮ್ಯಾಟ್ ಹೊಡೆಯುವ ಸರ್, ಸಂಜೆಗೆ ಸಿಗ್ತದೆ” ಎಂದರು. ಹೂಂ ಎನ್ನುವವನೇ ಇದ್ದೆ. ಮೇಷ್ಟ್ರ ಚಾಳಿಯಿಂದ ಅರ್ಥ ಕೇಳಿದೆ. “ಅಂದ್ರೆ ಎಲ್ಲ ಅಳಿಸಿ ಹೊಸತಾಗಿ ಹಾಕುವುದು. ಬೇರೆ ಕಡೆ ಕಾಪಿ ಉಂಟಲ್ಲ?” ಕಾಪಿ ಇಟ್ಟುಕೊಳ್ಳಲೆಂದು ವರ್ಷದ ಹಿಂದೆ ಕೊಂಡ ಪೆನ್‌ಡ್ರೈವು ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ನನ್ನ ಮೇಜಿನ ಖಾನೆಯಲ್ಲಿತ್ತು. ಎರಡೆರಡು ಸಲ ಬರೆಯಿರಿ ಎಂದು ಮಕ್ಕಳಿಗೆ ದಿನಾ ಹೇಳುವವನು ನಾನು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಅಂಗಡಿಯಿಂದ ಇಳಿದೆ.

ಮೆಲ್ಕಾರಿನಲ್ಲಿ ಕಂಪ್ಯೂಟರು ರಿಪೇರಿ ಮಾಡುವ ನಸೀಮಾಳ ಹೆಸರು ಹೇಳಿದ್ದು ನಮ್ಮ ಶಾಲೆಯ ವಿಜ್ಞಾನದ ಟೀಚರು. ಶನಿವಾರ ಶಾಲೆ ಬಿಟ್ಟದ್ದೇ ಸಿದ್ದಕಟ್ಟೆಯ ದಾರಿಯ ಬಸ್ಸು ಹತ್ತಿ ಬಂಟ್ವಾಳ ದಾಟಿ, ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸಿ, ಪಾಣೆಮಂಗಳೂರಿನ ಸೇತುವೆಯಲ್ಲಿ ಕೆಂಪಾಗಿ ತುಂಬಿದ್ದ ನೇತ್ರಾವತಿಯನ್ನು ಕಂಡು ಮೆಲ್ಕಾರಿನಲ್ಲಿ ಇಳಿದೆ. ಉದ್ದಕ್ಕೂ ಲ್ಯಾಪ್‌ಟಾಪು ತೊಡೆಯ ಮೇಲೆ. ಪಕ್ಕದ ಸೀಟಿನ ಹೆಂಗಸು “ಅದರಲ್ಲಿ ಮೊಟ್ಟೆ ಉಂಟಾ?” ಎಂದು ಕೇಳಿದರು.

ನಸೀಮಾಗೆ ಆಗ ಮೂವತ್ತರ ಆಸುಪಾಸು. ಟಿ.ವಿ. ರಿಪೇರಿ ಮಾಡುತ್ತಿದ್ದ ದೊಡ್ಡಣ್ಣನಿಂದ ಕೆಲಸ ಕಲಿತವಳು. ಅಣ್ಣ ದುಬೈಗೆ ಹೋದ ಮೇಲೆ ಅಂಗಡಿ ಅವಳದ್ದೇ. ತಲೆಗೆ ಬಿಗಿಯಾಗಿ ಸುತ್ತಿದ ಶಾಲು, ಕೈಯಲ್ಲಿ ಪೆನ್ಸಿಲಿನಷ್ಟು ಸಪೂರದ ಸ್ಕ್ರೂಡ್ರೈವರು. ಉಳಿದವರು ಕೇಳುವ ಹಾಗೆ ಅವಳು ಯಾವ ಕಂಪೆನಿ, ಯಾವ ವರ್ಷ ಎಂದು ಕೇಳಲಿಲ್ಲ.

“ಸರ್, ಇದರಲ್ಲಿ ನಿಮಗೆ ಬೇಕೇ ಬೇಕು ಅನ್ನುವಂಥದ್ದು ಎಂಥ ಉಂಟು?”

“ನನ್ನ ಅಮ್ಮ ಹೇಳಿ ಬರೆಸಿದ್ದು. ಈಗ ಅವರಿಗೆ ಮಾತಿಲ್ಲ.”

ಅವಳು ನನ್ನ ಮುಖ ನೋಡಿದಳು. “ಕೂತ್ಕೊಳ್ಳಿ. ಲ್ಯಾಪ್‌ಟಾಪ್ ಸರಿಯಾಗ್ಲಿ, ಬಿಡ್ಲಿ, ಮೊದಲು ಅದನ್ನು ಹೊರಗೆ ತೆಗೆಯುವ.”

ಬೆನ್ನಿನ ಸ್ಕ್ರೂಗಳನ್ನು ಒಂದೊಂದೇ ಬಿಚ್ಚಿ ಬಟ್ಟಲಿಗೆ ಹಾಕಿದಳು. ಬರೆದದ್ದೆಲ್ಲ ಕೂತಿರುವ ಹಾರ್ಡ್ ಡಿಸ್ಕನ್ನು ಎಳೆದು ತೆಗೆದಳು. ಇಸ್ಪೀಟಿನ ಕಟ್ಟಿನಷ್ಟು ದೊಡ್ಡದು. ಅದನ್ನು ವಯರಿನಿಂದ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಂಕಪಟ್ಟಿಗಳ ಸಾಲು, ಅದರ ನಡುವೆ ‘ನರ್ಸಮ್ಮ’. ಅವಳು ತೆರೆದಳು. ಒಳಗೆ ಪುಟ ತುಂಬ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು, ಬಾಲ. ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಎದ್ದು ನಿಂತೆನೋ, ಕೂತೆನೋ, ನೆನಪಿಲ್ಲ.

“ಎಂಥ ಸರ್, ಹೆದರ್ಬೇಡಿ. ನನ್ನ ಕಂಪ್ಯೂಟರಿನಲ್ಲಿ ನೀವು ಬರೆದ ಕನ್ನಡ ಫಾಂಟ್ ಇಲ್ಲ, ಅಷ್ಟೇ.” ಅದನ್ನು ಹಾಕಿಕೊಂಡಳು. ಅಕ್ಷರಗಳು ಸರಿಯಾಗಿ ಬಂದು ಕೂತವು. ನಾನು ಕಿಟಕಿಯ ಹತ್ತಿರ ಹೋಗಿ ಹೆದ್ದಾರಿಯ ಲಾರಿಗಳನ್ನು ನೋಡುತ್ತಾ ನಿಂತೆ. ಕಣ್ಣು ಒರೆಸಿಕೊಳ್ಳಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಆ ಅಂಗಡಿಯಲ್ಲಿ ಇರಲಿಲ್ಲ.

ಆಮೇಲಷ್ಟೇ ಅವಳು ಯಂತ್ರದ ರೋಗಕ್ಕೆ ಕೈ ಹಾಕಿದ್ದು. ಒಳಗೆ ಎರಡು ಸಪೂರ ಪಟ್ಟಿಗಳಿದ್ದವು, ರ‍್ಯಾಮ್. ಅವುಗಳ ಚಿನ್ನದ ಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿದಳು, ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದಳು. ಅಂಗಡಿ ತುಂಬ, ಅಮ್ಮ ಹೆರಿಗೆಗೆ ಒಯ್ಯುತ್ತಿದ್ದ ಚೀಲದ ವಾಸನೆ. ಡಿಸ್ಕನ್ನೂ ಪಟ್ಟಿಗಳನ್ನೂ ಮರಳಿ ಸಿಕ್ಕಿಸಿ ಹೊತ್ತಿಸಿದರೆ ಅದೇ ನೀಲಿ, ಅದೇ ಅಳುಮೋರೆ. ಒಂದನ್ನು ತೆಗೆದು ಹೊತ್ತಿಸಿದಳು, ನೀಲಿ. ಅದನ್ನು ಹಾಕಿ ಇನ್ನೊಂದನ್ನು ತೆಗೆದಳು. ನನ್ನ ಮನೆಯಂಗಳದ ದಾಸವಾಳದ ಫೋಟೋ ಪರದೆಯ ಮೇಲೆ ಅರಳಿತು.

“ಇದೇ ಕಳ್ಳ” ಎಂದು ಹಾಳಾದ ಪಟ್ಟಿಯನ್ನು ನನ್ನ ಅಂಗೈಗೆ ಹಾಕಿದಳು. “ಒಂದರಲ್ಲಿ ಸ್ವಲ್ಪ ನಿಧಾನ ನಡೀತದೆ. ನಿಮಗೆ ಸಾಕು.” ನಿಧಾನದ ಬಗ್ಗೆ ಅವಳು ಹೇಳಿದ್ದು ಲ್ಯಾಪ್‌ಟಾಪಿಗೋ, ನನಗೋ, ಗೊತ್ತಾಗಲಿಲ್ಲ.

ಫೈಲು ಸರಿ ಇದೆಯಾ ಎಂದು ನೋಡಲು ಅವಳೇ ಒಂದು ಪುಟ ಜೋರಾಗಿ ಓದಿದಳು. ಓದುತ್ತಾ ಓದುತ್ತಾ ದನಿ ಸಣ್ಣದಾಯಿತು. “ಸರ್, ನಿಮ್ಮ ಅಮ್ಮ ಚಾರ್ಮಾಡಿ ಕಡೆ ಇದ್ದವರಾ? ನಮ್ಮ ಮೂಲಮನೆ ಅಲ್ಲೇ. ಉಮ್ಮ ಯಾವಾಗ್ಲೂ ಒಬ್ಬರು ನರ್ಸಮ್ಮನ ಸುದ್ದಿ ಹೇಳುವುದುಂಟು. ದೊಡ್ಡಣ್ಣ ಹುಟ್ಟಿದ್ದು ಅವರ ಕೈಯಲ್ಲಂತೆ. ಹೊಳೆಯ ಆಚೆಯ ಬ್ಯಾರಿಗಳ ಮನೆ ಅಂತ ಇದರಲ್ಲಿ ಉಂಟಾ ನೋಡುವ.”

ಇಬ್ಬರೂ ಹುಡುಕಿದೆವು. ‘ಹೊಳೆ’ ಎಂಬ ಪದ ಬೇಕಾದಷ್ಟು ಕಡೆ ಸಿಕ್ಕಿತು. ಆ ಮನೆ ಸಿಗಲಿಲ್ಲ. ಅವಳ ಮುಖ ಬಾಡಿದ್ದು ನೋಡಿ, “ನಿಮ್ಮ ಉಮ್ಮನನ್ನೇ ಕರ್ಕೊಂಡು ಬನ್ನಿ, ಅಮ್ಮನಿಗೂ ಖುಷಿಯಾಗ್ತದೆ” ಎಂದೆ. ಹೊರಡುವ ಮುಂಚೆ ಹೊಸ ಪೆನ್‌ಡ್ರೈವಿಗೆ ಫೈಲು ಹಾಕಿಕೊಟ್ಟು, ಅದನ್ನು ನನ್ನ ಜೇಬಿಗೆ ತಾನೇ ಹಾಕಿದಳು. ನನ್ನ ಮೇಲೆ ಅವಳಿಗೆ ವಿಶ್ವಾಸ ಹುಟ್ಟಿರಲಿಲ್ಲ.

ಮರುವಾರ ತಾಯಿ ಮಗಳು ಮೂಡುಬಿದಿರೆಗೆ ಬಂದರು. ತಾಯಿಯ ಹೆಸರು ಐಸಮ್ಮ. ಕೈಯಲ್ಲಿ ಬಾಳೆಹಣ್ಣಿನ ಗೊನೆ. ಅಮ್ಮನ ಮಂಚದ ಪಕ್ಕ ನಿಂತು ಸ್ವಲ್ಪ ಹೊತ್ತು ನೋಡಿ, “ಹೌದು, ಇವರೇ” ಎಂದರು. ಅಮ್ಮ ಅವರನ್ನು ದಿಟ್ಟಿಸಿದಳು. ಗುರುತು ಸಿಕ್ಕಿತೋ ಇಲ್ಲವೋ ಹೇಳುವುದು ಹೇಗೆ? ಐಸಮ್ಮ ಅದಕ್ಕೆ ಕಾಯಲಿಲ್ಲ. ಅಮ್ಮನ ಎಡಗೈ ಹಿಡಿದುಕೊಂಡು ತುಳುವಿನಲ್ಲಿ ಹೇಳುತ್ತಾ ಹೋದರು.

“ನನಗೆ ಆಗ ಹದಿನೆಂಟು. ಚೊಚ್ಚಲು. ಬೆಳಿಗ್ಗೆಯಿಂದ ನೋವು, ಮಗು ಕೆಳಗೆ ಬರುವುದಿಲ್ಲ. ಹೊಳೆ ದಾಟಲು ಹಾಕಿದ ಮರದ ಸಂಕ ನೆರೆಯಲ್ಲಿ ಕೊಚ್ಚಿ ಹೋಗಿತ್ತು. ಈಚೆ ದಡದಿಂದ ನಮ್ಮ ಮಾವ ಕೂಗಿ ಹೇಳಿದ್ರು, ‘ಬರ್ಬೇಡಿ ನರ್ಸಮ್ಮ, ನೀರು ಸೊಂಟದವರೆಗೆ ಉಂಟು.’ ಇವರು ಚೀಲ ತಲೆ ಮೇಲೆ ಇಟ್ಟುಕೊಂಡು, ‘ಎರಡು ಮರಕ್ಕೆ ಹಗ್ಗ ಕಟ್ಟಿ’ ಅಂದ್ರಂತೆ. ಹಗ್ಗ ಹಿಡಿದು ದಾಟಿಯೇ ಬಂದ್ರು. ಒದ್ದೆ ಸೀರೆಯಲ್ಲೇ ನನ್ನ ಹತ್ತಿರ ಕೂತ್ರು. ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಅದನ್ನು ಬಿಡಿಸಿ, ಬೆನ್ನಿಗೆ ಬಡಿದು ಅಳಿಸಿದ್ರು. ಮಗು ಅತ್ತ ಮೇಲೆ ಇವರು ಗೋಡೆಗೆ ಒರಗಿ ಕೂತ್ರು ನೋಡಿ, ಆಗ ನನಗೆ ಕಂಡದ್ದು. ಇವರಿಗೂ ಏಳು ತಿಂಗಳು!”

ಐಸಮ್ಮ ಅಮ್ಮನ ಕೈಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

“‘ಈ ಹೊಟ್ಟೆಯಲ್ಲಿ ಹೊಳೆ ದಾಟಿದ್ದನ್ನು ಯಾರಿಗೂ ಹೇಳ್ಬೇಡ’ ಅಂದ್ರು. ‘ನನ್ನ ಗಂಡನಿಗೆ ಗೊತ್ತಾದ್ರೆ ಕೆಲಸ ಬಿಡಿಸ್ತಾರೆ.’ ನಾನು ಈವತ್ತಿನವರೆಗೆ ಹೇಳಿರ್ಲಿಲ್ಲ. ನನ್ನ ಮಕ್ಕಳಿಗೂ ಹೇಳಿರ್ಲಿಲ್ಲ.”

ಅಮ್ಮ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಎರಡು ಬೆರಳು ಎತ್ತಿ ಐಸಮ್ಮನಿಗೆ ತೋರಿಸಿದಳು. ಆಮೇಲೆ ಒಂದು ಬೆರಳನ್ನು ತನ್ನ ಎದೆಗೆ ಮುಟ್ಟಿಸಿ, ಅದನ್ನೇ ನನ್ನ ಕಡೆ ನೀಡಿದಳು. ಐಸಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬಾಯಿಗೆ ಸೆರಗು ಹಿಡಿದರು.

“ಎರಡು ಜನ ಬಂದಿದ್ದೆವು ಅಂತ ಹೇಳ್ತಾರೆ. ನೀನಾ ಅದು? ಅವತ್ತು ನೀನೂ ಬಂದಿದ್ದಿಯಲ್ಲ ಮೋನೆ, ನಮ್ಮ ಮನೆಗೆ!”

ನನ್ನ ಅಮ್ಮ ನಕ್ಕಳು. ಸೋತ ಬಲಗೆನ್ನೆಯೂ ನಗುವಿಗೆ ಸ್ವಲ್ಪ ಏರಿತು. ಐಸಮ್ಮ ನನ್ನನ್ನು ‘ಮೋನೆ’, ಮಗನೇ ಎಂದು ಕರೆದದ್ದು ಅದು ಮೊದಲು. ಈಗಲೂ ಹಾಗೆಯೇ ಕರೆಯುತ್ತಾರೆ. ಅವರು ಹೇಳಿದ್ದನ್ನು ಅಂದೇ ಬರೆದು ಅಮ್ಮನಿಗೆ ಓದಿದೆ. ಅವಳು ತಲೆ ಅಲ್ಲಾಡಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು, ಮುಗಿದ ಮೇಲೆ ಮತ್ತೊಮ್ಮೆ ಓದು ಎಂದು ಕೈ ಮಾಡಿದಳು.

ಅಮ್ಮ ಹೋಗಿ ಈಗ ಆರು ವರ್ಷ. ಅವಳು ಹೇಳಿದ್ದಷ್ಟೇ ಅವಳ ಕಥೆ ಎಂದು ನಂಬಿದ್ದ ನಾನು ಈಗ ಹಾಗೆ ನಂಬುವುದಿಲ್ಲ. ಬಿಡುವಾದ ಭಾನುವಾರ ಬೆಳ್ತಂಗಡಿಯ ಬಸ್ಸು ಹತ್ತಿ, ಅವಳು ನಡೆದ ಊರುಗಳಿಗೆ ಹೋಗುತ್ತೇನೆ. ಐಸಮ್ಮ ಕೆಲವು ಮನೆ ತೋರಿಸಿದರು. ಆ ಮನೆಯವರು ಇನ್ನು ಕೆಲವು ಮನೆ ತೋರಿಸಿದರು. ‘ನರ್ಸಮ್ಮನ ಮಗ’ ಎಂದರೆ ಚಾಪೆ ಹಾಸುತ್ತಾರೆ. ಹೆರಿಗೆಯ ಮಾತನ್ನು ಗಂಡಸಿನ ಎದುರು ಹೇಳಲು ಅವರಿಗೂ ಮೊದಲು ಸಂಕೋಚವೇ. ನಾನು ತಲೆ ತಗ್ಗಿಸಿ ಬೆರಳು ಕೀಲಿಗಳ ಮೇಲಿಟ್ಟು ಕಾಯುತ್ತೇನೆ.

ಮೊನ್ನೆ ಎಂಬತ್ತು ದಾಟಿದ ಗಿರಿಜಕ್ಕ ಎಂಬವರು ತಮ್ಮ ನಾಲ್ಕು ಹೆರಿಗೆಗಳ ಕಥೆ ಹೇಳಿ ಮುಗಿಸಿ, ಎದ್ದವರು ಮತ್ತೆ ಕೂತರು. “ಇನ್ನೊಂದುಂಟು. ನಿಮ್ಮ ಅಮ್ಮ ತಣ್ಣಗಿನ ಕೈಯಲ್ಲಿ ಮುಟ್ಟಿದವರೇ ಅಲ್ಲ. ಎರಡು ಅಂಗೈ ಉಜ್ಜಿ, ಮೊದಲು ತನ್ನ ಕೆನ್ನೆಗೆ ಇಟ್ಟು ನೋಡ್ತಿದ್ರು. ಬೆಚ್ಚಗೆ ಆದ ಮೇಲೆಯೇ ನಮ್ಮ ಹೊಟ್ಟೆ ಮುಟ್ಟಿದ್ದು.”

ಇದನ್ನು ಅಮ್ಮ ನನಗೆ ಹೇಳಿರಲಿಲ್ಲ. ಅವಳಿಗೆ ಹೇಳುವಂಥದ್ದು ಎಂದು ಅನಿಸಿರಲಿಕ್ಕೂ ಇಲ್ಲ. ನನ್ನ ಎರಡು ಬೆರಳೂ ಕೀಲಿಗಳ ಮೇಲೆ ಹಾಗೆಯೇ ನಿಂತವು.

“ಬರ್ಕೊಂಡ್ರಾ?” ಎಂದು ಗಿರಿಜಕ್ಕ ಕೇಳಿದರು.

“ಇಲ್ಲ” ಎಂದೆ. “ಇನ್ನೊಮ್ಮೆ ಹೇಳಿ.”